ಎಡಗೈಲೆ ಉಂಡ ಸರದಾರ

‘ಪ್ರೇಕ್ಷಕರ ಪ್ರತಿಕ್ರಿಯೆ’ ಎಂಬ ಜಾಗದಲ್ಲಿ ‘ಉತ್ತಮ’ ಎಂದು ಬರೆದು ಸಂಬಳ ತೆಗೆದುಕೊಂಡು ಮಕ್ಕಳನ್ನು ಓದಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರಚಾರ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಈಗಲೂ ಆಗೊಮ್ಮೆ ಈಗೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಕೈಯಲ್ಲಿ ಫೋನು, ಫೋನಿನಲ್ಲಿ ಪ್ರಶ್ನೆಗಳು, ಪ್ರಶ್ನೆಗಳ ಕೆಳಗೆ ಒತ್ತುವ ಗುಂಡಿಗಳು. ನಿಮ್ಮ ಕಾಲದಲ್ಲಿ ಜನರ ಅಭಿಪ್ರಾಯ ಹೇಗೆ ತಿಳಿದುಕೊಳ್ಳುತ್ತಿದ್ದಿರಿ ಎಂದು ಕೇಳುತ್ತಾರೆ. ಚಹಾ ಕುಡಿಸಿ ಕಳಿಸುತ್ತೇನೆ. ಜನ ಬಾಯಿಂದ ಹೇಳುವುದರಲ್ಲಿ ಮುಕ್ಕಾಲು ಪಾಲು ಅಭಿಪ್ರಾಯವಲ್ಲ, ಎದುರಿಗೆ ನಿಂತ ಸರಕಾರಿ ಮನುಷ್ಯನನ್ನು ಬೇಗ ಸಾಗಹಾಕುವ ಉಪಾಯ. ಇದನ್ನು ಚಹಾ ಆರುವುದರೊಳಗೆ ಹೇಗೆ ತಿಳಿಸಲಿ? ಅದಕ್ಕೇ ಬರೆಯಲು ಕುಳಿತಿದ್ದೇನೆ.

ಆಗ ಹಾವೇರಿ ಜಿಲ್ಲೆ ಆಗಿರಲಿಲ್ಲ. ಎಲ್ಲವೂ ಧಾರವಾಡಕ್ಕೆ ಸೇರಿತ್ತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಹಳ್ಳಿಗಳಿಗೆ ಹೋಗಿ ಸರಕಾರದ ಸಿನೆಮಾ ತೋರಿಸುವುದು ನನ್ನ ಕೆಲಸ. ಒಂದು ಬೂದು ಬಣ್ಣದ ವ್ಯಾನು, ಅದರಲ್ಲಿ ಒಂದು ಪ್ರೊಜೆಕ್ಟರು, ಜನರೇಟರು, ಎರಡು ಬಿದಿರಿನ ಗಳ, ಬಿಳಿ ಬಟ್ಟೆಯ ಪರದೆ. ವ್ಯಾನಿನ ಚಾಲಕ ಸವಣೂರಿನ ಇಮಾಮಸಾಬ. ಹೆಸರಿಗೆ ಚಾಲಕ, ಆದರೆ ಜನರೇಟರಿನ ವೈದ್ಯನೂ ಅವನೇ, ಊರಿನ ನಾಯಿಗಳನ್ನು ಕೇಬಲ್ಲಿನಿಂದ ದೂರ ಇಡುವವನೂ ಅವನೇ. ನಾನು ಮಷೀನು ನಡೆಸಬೇಕು, ಮೈಕು ಹಿಡಿದು ಚಿತ್ರದ ಕಥೆಯನ್ನು ಕನ್ನಡದಲ್ಲಿ ಹೇಳಬೇಕು, ಮುಗಿದ ಮೇಲೆ ವರದಿ ಬರೆಯಬೇಕು.

ನಾನು ಹಿರೇಕೆರೂರು ತಾಲೂಕಿನ ಒಂದು ಕೇರಿಯಿಂದ ಬಂದವನು. ನಮ್ಮ ಮನೆತನದಲ್ಲಿ ಮೆಟ್ರಿಕ್ ದಾಟಿದವರು ನನಗಿಂತ ಮುಂಚೆ ಯಾರೂ ಇಲ್ಲ. ನಾನು ಬಿ.ಎ. ಮಾಡಿದ್ದು ಹಾಸ್ಟೆಲ್ಲಿನ ಮುದ್ದೆ ಉಂಡು, ಒಂದೇ ಜೊತೆ ಅಂಗಿಯನ್ನು ರಾತ್ರಿ ತೊಳೆದು ಬೆಳಿಗ್ಗೆ ಹಸಿಯಾಗಿಯೇ ಹಾಕಿಕೊಂಡು. ಅದರ ಹೆಮ್ಮೆ ನನಗೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ. ನಾನು ಬಿ.ಎ. ಮುಗಿಸಿದ ವರ್ಷವೇ ಅಪ್ಪ ಮನೆಯ ಗೋಡೆಗೆ ಬುದ್ಧನ ಪಟ ತೂಗುಹಾಕಿದ.

ಸರಕಾರದ ಚಿತ್ರಗಳಲ್ಲಿ ನಾಯಕ ಯಾರು, ಖಳ ಯಾರು ಎಂಬುದನ್ನು ಬೆಂಗಳೂರಿನಲ್ಲಿ ಕುಳಿತವರು ನಿರ್ಧರಿಸುತ್ತಿದ್ದರು. ಹಳ್ಳಿಯವರು ಅದನ್ನು ಹಳ್ಳಿಯಲ್ಲಿ ಮತ್ತೆ ನಿರ್ಧರಿಸುತ್ತಿದ್ದರು. ಒಂದು ಕುಟುಂಬ ಯೋಜನೆಯ ಚಿತ್ರವಿತ್ತು. ಅದರ ಖಳನಿಗೆ ಮನೆ ತುಂಬ ಮಕ್ಕಳು. ಒಂದು ಅವನ ಹೆಗಲ ಮೇಲೆ, ಒಂದು ಹಾಲಿನ ಗಿಂಡಿಯಲ್ಲಿ ಕೈ ಹಾಕಿ, ಇನ್ನೊಂದು ಅಜ್ಜನ ತಲೆಯ ಪಟಗ ಎಳೆದು ನಗುತ್ತ. ನಾಯಕನಿಗೆ ಎರಡೇ ಮಕ್ಕಳು. ಅವೆರಡೂ ತಲೆ ಬಾಚಿಕೊಂಡು ಕುರ್ಚಿಯ ಮೇಲೆ ಕುಳಿತು ಪುಸ್ತಕ ಓದುತ್ತಿದ್ದವು. ತಿಳವಳ್ಳಿಯಲ್ಲಿ ಇದನ್ನು ತೋರಿಸಿದಾಗ ಮುಂದೆ ಕುಳಿತ ಒಬ್ಬ ಹಿರಿಯರು ಎದ್ದು ನನ್ನನ್ನೇ ಕೇಳಿದರು:

“ಆ ಸಣ್ಣ ಮನಿಯಾಗ ಯಾರರ ತೀರಿಕೊಂಡಾರೇನ್ರಿ? ಒಬ್ರೂ ನಗಾಕತ್ತಿಲ್ಲ.”

ಇನ್ನೊಂದು ಸಹಕಾರಿ ಸಂಘದ ಚಿತ್ರ. ಅದರಲ್ಲಿ ಸಂಘದ ಕಾರ್ಯದರ್ಶಿಯೇ ನಾಯಕ. ರೈತ ಬಂದು ಕೈ ಮುಗಿದ ಕೂಡಲೇ ಅವನು ಎದ್ದು ನಿಂತು ಕುರ್ಚಿ ಕೊಟ್ಟು ಅವತ್ತೇ ಸಾಲ ಮಂಜೂರು ಮಾಡುತ್ತಾನೆ. ಹಿರೇಕೆರೂರು ಭಾಗದಲ್ಲಿ ಎಲ್ಲಿ ತೋರಿಸಿದರೂ ಆ ದೃಶ್ಯಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಮ್ಮ ಮೇಲಧಿಕಾರಿಗೆ ಇದನ್ನು ಹೇಳಿದೆ. ಅವರು ಮೈಸೂರು ಕಡೆಯವರು, ಬೇಸಿಗೆಯಲ್ಲೂ ಮಫ್ಲರು ಸುತ್ತಿಕೊಂಡು ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತು ಧೂಳನ್ನು ಬಯ್ಯುತ್ತಿದ್ದರು. ಒಂದು ಚಿತ್ರವನ್ನೂ ಕೊನೆಯತನಕ ನೋಡಿದವರಲ್ಲ. ನಾವು ಅವರನ್ನು ಮಫ್ಲರು ಸಾಹೇಬರೆಂದೇ ಕರೆಯುತ್ತಿದ್ದೆವು.

“ನಕ್ಕರು ತಾನೆ? ‘ಜನ ಸಂತೋಷಪಟ್ಟರು’ ಅಂತ ಬರಿ. ಸುಳ್ಳೇನಲ್ಲವಲ್ಲ” ಎಂದರು.

ಇಲಾಖೆಯಲ್ಲಿ ನಾನು ಕಲಿತ ಮೊದಲ ಪಾಠ ಅದು. ಈಗಿನ ಗುಂಡಿ ಒತ್ತುವ ಯಂತ್ರಗಳೂ ಇದಕ್ಕಿಂತ ಹೆಚ್ಚು ಕಲಿತಂತೆ ಕಾಣುವುದಿಲ್ಲ.

ಎಂಬತ್ತರ ದಶಕ ಶುರುವಾದಾಗ ನಮ್ಮ ಕಚೇರಿಗೆ ಜಪಾನಿನಿಂದ ಕೆಲವು ಡಬ್ಬಿಗಳು ಬಂದವು. ಯಾವುದೋ ಸ್ನೇಹ ಸಂಘ ಸರಕಾರಕ್ಕೆ ಕಾಣಿಕೆ ಕೊಟ್ಟ ಕಾರ್ಟೂನ್ ಧಾರಾವಾಹಿ, ಮಾತು ಇಂಗ್ಲಿಷಿನಲ್ಲಿ. ದೊಡ್ಡ ಊರುಗಳ ಶಾಲೆಗಳಿಗೆಂದು ಬಂದದ್ದು ಅಲ್ಲಿ ಯಾರಿಗೂ ಬೇಡವಾಗಿ ನಮ್ಮ ಪಾಲಿಗೆ ಬಿತ್ತು. ಕುಟುಂಬ ಯೋಜನೆಗೆ ಜನ ಬರುತ್ತಿರಲಿಲ್ಲ, ಆದ್ದರಿಂದ ಮೊದಲು ಇದನ್ನು ತೋರಿಸಿ ಮಂದಿಯನ್ನು ಕೂಡಿಸಿ, ಆಮೇಲೆ ಸರಕಾರದ್ದನ್ನು ಹಾಕುವುದು ಸಾಹೇಬರ ಉಪಾಯ.

ಕಥೆ ಇಷ್ಟು. ಗುಡ್ಡದಷ್ಟು ಎತ್ತರದ ಒಂದು ಕಬ್ಬಿಣದ ಮನುಷ್ಯ, ತಲೆಗೆ ಎರಡು ಕೋಡು. ಅದರ ಎದೆಯೊಳಗೆ ಒಬ್ಬ ತರುಣ ಕುಳಿತು ಹಿಡಿಕೆಗಳನ್ನು ಎಳೆದರೆ ಅದು ಗುದ್ದುತ್ತದೆ, ಒದೆಯುತ್ತದೆ, ಹಾರುತ್ತದೆ. ಆ ತರುಣ ನಾಯಕ. ಅವನಿಗೆ ಎದುರಾಳಿ ಬೇರೆ ಗ್ರಹದಿಂದ ಬಂದ ಒಬ್ಬ ಸೇನಾಪತಿ. ಬಿಳಿ ಕೂದಲು, ಉದ್ದ ಮೈಕಟ್ಟು, ಬಲಗೈ ಯುದ್ಧದಲ್ಲಿ ಹೋಗಿ ಅದರ ಬದಲು ಕಬ್ಬಿಣದ ಕೈ. ಇವನದೂ ದೊಡ್ಡ ದೊಡ್ಡ ಯಂತ್ರಗಳೇ. ಜನ ತರುಣನನ್ನು ‘ಹುಡುಗ’ ಎಂದರು, ಕಬ್ಬಿಣದವನನ್ನು ‘ಉಕ್ಕಿನಪ್ಪ’ ಎಂದರು, ಬಿಳಿಕೂದಲಿನವನನ್ನು ‘ಸರದಾರ’ ಎಂದರು. ಇಲಾಖೆ ಕೊಟ್ಟ ಹೆಸರುಗಳು ಬೇರೆ ಇದ್ದವು, ಅವು ಇಲಾಖೆಯಲ್ಲೇ ಉಳಿದವು.

ಇವುಗಳ ಮುಂದೆ ಸರಕಾರದ ನಾಯಕರು ಧೂಳಾದರು. ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಜನ ಬರತೊಡಗಿದರು. ಕಬ್ಬಿಣದೊಳಗೆ ಹುಡುಗ ಹೋಗಿ ಕುಳಿತುಕೊಳ್ಳುವುದನ್ನು ಕೆಲವರು ಮೈಯಲ್ಲಿ ದೇವರು ಬಂದಂತೆ ಎಂದುಕೊಂಡರು. ಕೆಲವು ಪೈಲವಾನರು ಅದನ್ನೇ ಹಳಿದರು. ಶಿಗ್ಗಾಂವಿಯ ಗರಡಿಯವನೊಬ್ಬ ನನ್ನ ಪಕ್ಕ ಬಂದು, “ಒಳಗ ಕುಂತ ಗುದ್ದಾಡಾಂವ ಎಂಥಾ ಗಂಡಸರಿ? ಹೊರಗ ಬಂದ ಮಣ್ಣ ಹಚಗೊಳ್ಳಾಕ ಹೇಳ್ರಿ” ಎಂದು ತಾಕೀತು ಮಾಡಿಹೋದ, ನಾನೇನೋ ಆ ಹುಡುಗನಿಗೆ ಕುಸ್ತಿ ಕಲಿಸುವ ವಸ್ತಾದ ಎಂಬಂತೆ.

ಹತ್ತಿಮತ್ತೂರಿನಲ್ಲಿ ಒಂದು ಎಡವಟ್ಟಾಯಿತು. ಮುಖ್ಯ ಕಚೇರಿಯವರು ಡಬ್ಬಿಗಳ ಮೇಲಿನ ಚೀಟಿಗಳನ್ನು ಅದಲುಬದಲು ಅಂಟಿಸಿದ್ದರು. ಹೀಗಾಗಿ ಸರದಾರ ಸುಟ್ಟು ಬೂದಿಯಾಗುವ ರೀಲು ಮೊದಲು ಓಡಿತು. ಜನ ಚಪ್ಪಾಳೆ ಹೊಡೆದರು. ನಾನು ಮೈಕಿನಲ್ಲಿ ‘ಹೀಗೆ ದುಷ್ಟನ ಸಂಹಾರವಾಯಿತು’ ಎಂದು ಗಂಭೀರವಾಗಿ ಹೇಳಿ ಎರಡನೆಯ ರೀಲು ಹಚ್ಚಿದರೆ ಸರದಾರ ಕುದುರೆಯಂಥ ಯಂತ್ರ ಹತ್ತಿ ನಗುತ್ತ ಬಂದ. ಆಮೇಲೆ ಸೀಟಿಯೋ ಸೀಟಿ. ಹುಡುಗನಿಗೂ ಯಾರೂ ಅಷ್ಟು ಸೀಟಿ ಹೊಡೆದಿರಲಿಲ್ಲ. ಇಮಾಮಸಾಬ ಜನರೇಟರಿನ ಹತ್ತಿರ ಕುಳಿತು ಕಣ್ಣೀರು ಬರುವಂತೆ ನಗುತ್ತಿದ್ದ.

“ಸಾಬ್ರ, ನೀವು ಮೈಕಿನ್ಯಾಗ ಮಣ್ಣ ಮಾಡಿದ್ರಿ, ಅಂವ ಮಣ್ಣಾಗಿಂದ ಎದ್ದ ಬಂದಾನ. ಈಗ ಏನ ಹೇಳ್ತೀರಿ ಹೇಳ್ರಿ” ಎಂದ.

ನಾನು ಮೈಕು ಕೆಳಗಿಟ್ಟೆ. ಒಬ್ಬ ಮುದುಕ ಅವರಿವರಿಗೆ ವಿವರಿಸುತ್ತಿದ್ದುದು ಕಿವಿಗೆ ಬಿತ್ತು: ಕೆಟ್ಟವನಾಗಿದ್ದರೆ ದೇವರು ಯಾಕೆ ತಿರುಗಿ ಕಳಿಸುತ್ತಿದ್ದ? ವರದಿಯಲ್ಲಿ ‘ಉತ್ತಮ’ ಎಂದು ಬರೆದೆ.

ಇಲ್ಲಿಯತನಕ ನಗೆಯ ಮಾತಾಯಿತು. ಇನ್ನು ಮುಂದಿನದು ನನಗೆ ಅಷ್ಟು ನಗೆ ತರಲಿಲ್ಲ.

ಈ ಧಾರಾವಾಹಿಗೆ ಜನ ಮುಗಿಬೀಳುವ ಸುದ್ದಿ ಬೆಂಗಳೂರಿಗೆ ಮುಟ್ಟಿ, ಅಲ್ಲಿಂದ ಒಬ್ಬ ಪಂಡಿತರನ್ನು ಕಳಿಸಿದರು. ಹಳ್ಳಿಯ ಜನ ನಾಯಕನನ್ನು ಹೇಗೆ ಗುರುತಿಸುತ್ತಾರೆ, ಖಳನನ್ನು ಹೇಗೆ ಗುರುತಿಸುತ್ತಾರೆ ಎಂಬುದರ ಬಗ್ಗೆ ಅವರ ಸಂಶೋಧನೆ. ದೊಡ್ಡ ಕನ್ನಡಕ, ಖಾದಿ ಜುಬ್ಬ, ಹೆಗಲಿಗೆ ಚೀಲ. ಚೀಲದಲ್ಲಿ ರಟ್ಟಿನ ಮೇಲೆ ಅಚ್ಚು ಹಾಕಿಸಿದ ಮುಖಗಳಿದ್ದವು, ಒಂದು ನಗುವುದು, ಒಂದು ಅಳುವುದು, ಒಂದು ಸಿಟ್ಟಿನದು. ಓದು ಬಾರದ ಜನ ಇವುಗಳಲ್ಲಿ ಒಂದನ್ನು ಮುಟ್ಟಿ ತೋರಿಸಿದರೆ ಅದೇ ಅವರ ಪ್ರತಿಕ್ರಿಯೆಯಂತೆ. ದುಂಡಗಿನ ಮುಖಗಳು, ಎರಡು ಚುಕ್ಕೆ, ಒಂದು ಗೀಟು.

ಪಂಡಿತರು ನನಗೆ ಮೊದಲ ಆಜ್ಞೆ ಮಾಡಿದ್ದು ಮೈಕು ಮುಟ್ಟಬಾರದೆಂದು. ಧ್ವನಿಯನ್ನೂ ಪೂರ್ತಿ ತೆಗೆಸಿದರು. “ನೀವು ಬಾಯಿ ತೆರೆದರೆ ಪ್ರಯೋಗ ಕೆಟ್ಟುಹೋಗುತ್ತದೆ. ಯಾರು ಒಳ್ಳೆಯವರು ಅಂತ ಅವರೇ ಕಂಡುಕೊಳ್ಳಲಿ” ಎಂದರು.

ಮೊದಲ ಪ್ರಯೋಗ ಹಾನಗಲ್ಲ ತಾಲೂಕಿನ, ಧಾರಾವಾಹಿ ಇನ್ನೂ ಮುಟ್ಟದ ಒಂದು ಹಳ್ಳಿಯಲ್ಲಿ. ಊರ ಹೆಸರು ಹೇಳುವುದಿಲ್ಲ, ಹೇಳಿದರೆ ಉಳಿದ ಊರುಗಳವರು ತಾವು ಬಚಾವಾದೆವೆಂದುಕೊಳ್ಳುತ್ತಾರೆ. ಚಾವಡಿಯ ಮುಂದೆ ಬಯಲು, ಬಯಲಿನ ನಡುವೆ ಪರದೆ. ಚಾವಡಿ ಕಟ್ಟೆಯ ಮೇಲೆ ಗೌಡರಿಗೂ ಪಂಚರಿಗೂ ಕುರ್ಚಿ, ಅವರ ಮುಂದೆ ನೆಲದ ಮೇಲೆ ಊರಿನ ಉಳಿದ ಜನ. ಪರದೆಯ ಆಚೆ, ಇಳುಕಲಿನಲ್ಲಿ, ಕೇರಿಯ ಜನ. ಅಲ್ಲಿ ಕುಳಿತುಕೊಳ್ಳಿರೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ತೆಳು ಬಟ್ಟೆಯ ಪರದೆಗೆ ಚಿತ್ರ ಎರಡೂ ಕಡೆ ಮೂಡುತ್ತದೆ, ಅಷ್ಟು ಸಾಕು ಎಂದು ಎಲ್ಲರೂ ತಿಳಿದಿದ್ದರು. ನಮ್ಮೂರಲ್ಲಿ ನಾನೂ ಚಿಕ್ಕವನಿದ್ದಾಗ ಅವ್ವನ ತೊಡೆಯ ಮೇಲೆ ಕುಳಿತು ಎಲ್ಲ ಚಿತ್ರಗಳನ್ನು ನೋಡಿದ್ದು ಹಿಂದಿನಿಂದಲೇ. ಶಾಲೆಗೆ ಹೋಗುವ ಮುಂಚೆ ನಾನು ಕಂಡ ಅಕ್ಷರಗಳು ತೆರೆಯ ಮೇಲಿನ ಹೆಸರುಗಳು ಮಾತ್ರ. ಒಂದನೆಯ ಇಯತ್ತೆಗೂ ಮುಂಚಿನ ಬಿನ್ನೆತ್ತೆಯಲ್ಲಿ ‘ಕ’ ಬರಿ ಎಂದರೆ ಎಡಕ್ಕೆ ತಿರುಗಿದ ‘ಕ’ ಬರೆದು ಮಾಸ್ತರರಿಂದ ಹೊಡೆಸಿಕೊಂಡವನು ನಾನು.

ಚಿತ್ರ ಓಡಿತು. ಗುದ್ದಾಟದ ನಡುನಡುವೆ ಹುಡುಗ ಒಂದು ಕೂಸಿಗೆ ತುತ್ತು ತಿನ್ನಿಸಿದ, ಸರದಾರ ಸೈನಿಕರೊಂದಿಗೆ ಕುಳಿತು ಉಂಡ, ಕೊನೆಗೆ ಉಕ್ಕಿನಪ್ಪನ ಕೈ ಮುರಿಯಿತು. ಮಾತಿಲ್ಲ, ಸದ್ದಿಲ್ಲ, ಮಷೀನಿನ ಕಿರಕಿರ ಒಂದೇ. ಮುಗಿದ ಮೇಲೆ ಪಂಡಿತರು ಲಾಂದ್ರ ಹಿಡಿಸಿಕೊಂಡು ಎರಡೂ ಕಡೆ ತಿರುಗಾಡಿ ರಟ್ಟಿನ ಮುಖಗಳನ್ನು ತೋರಿಸಿದರು. ಮುಂದಿನವರಿಗೆಲ್ಲ ಹುಡುಗ ಒಳ್ಳೆಯವ, ಸರದಾರ ನೀಚ. ಹಿಂದಿನವರಲ್ಲಿ ಮುಕ್ಕಾಲು ಮಂದಿಗೆ ಸರದಾರ ಒಳ್ಳೆಯವ, ಹುಡುಗ ನೀಚ. ಕೇರಿಯ ದ್ಯಾಮವ್ವನೆಂಬ ಮುದುಕಿ ರಟ್ಟನ್ನು ಲಾಂದ್ರದ ಹತ್ತಿರ ಹಿಡಿದು ನೋಡಿ, “ಎಪ್ಪಾ, ಇವಕ್ಕ ಮೂಗ ಯಾರ ಕೊಯ್ದಾರ?” ಎಂದು ಕೇಳಿದಳು. ಆಕೆ ನಗುಮುಖದ ಮೇಲೆ ಬೆರಳಿಟ್ಟದ್ದೂ ಸರದಾರನಿಗೇ.

ಮರುದಿನ ಹಾನಗಲ್ಲಿನ ಪ್ರವಾಸಿ ಬಂಗಲೆಯಲ್ಲಿ ಪಂಡಿತರು ಬಹಳ ಖುಷಿಯಲ್ಲಿದ್ದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು. ಬರೆದದ್ದನ್ನು ಮಫ್ಲರು ಸಾಹೇಬರಿಗೆ ಓದಿ ಹೇಳಿದರು. ತುಳಿತಕ್ಕೊಳಗಾದ ಜನ ದುಷ್ಟಶಕ್ತಿಯ ಕಡೆಗೆ ಸಹಜವಾಗಿ ಒಲಿಯುತ್ತಾರೆ, ಒಳ್ಳೆಯದು ಕೆಟ್ಟದ್ದರ ವಿವೇಚನೆ ಅವರಲ್ಲಿ ಇನ್ನೂ ಬೆಳೆದಿಲ್ಲ, ಆದ್ದರಿಂದ ಕೇರಿಗಳಲ್ಲಿ ಹೊಡೆದಾಟದ ಚಿತ್ರಗಳನ್ನು ನಿಲ್ಲಿಸಿ ಬರೇ ನೀತಿಯ ಚಿತ್ರಗಳನ್ನು ತೋರಿಸತಕ್ಕದ್ದು. ಮಾತಿನಲ್ಲಿ ಮರುಕವೇನೋ ಇತ್ತು. ಮರುಕದಿಂದ ಬರೆದ ಬೈಗುಳ ಬಹಳ ದಿನ ಬಾಳುತ್ತದೆ, ಅದನ್ನು ಯಾರೂ ಹೊಡೆದುಹಾಕುವುದಿಲ್ಲ. ಅದು ಅಚ್ಚಾಗಿ ಎಲ್ಲ ಜಿಲ್ಲೆಗಳಿಗೆ ಹೋಗುವುದಿತ್ತು. ಕೆಳಗೆ ಕ್ಷೇತ್ರ ಸಹಾಯಕನ ಸಹಿ ಬೇಕಿತ್ತು, ಅಂದರೆ ನನ್ನದು.

ಪಂಡಿತರು ನನ್ನ ಕಡೆ ತಿರುಗಿ ಮೃದುವಾಗಿ ಕೇಳಿದರು, “ನೀವೂ ಆ ಸಮುದಾಯದಿಂದಲೇ ಬಂದವರಲ್ಲವೇ? ನಿಮಗೂ ಚಿಕ್ಕಂದಿನಲ್ಲಿ ಖಳನಾಯಕರೇ ಇಷ್ಟವಾಗ್ತಿದ್ರಾ?”

ನನ್ನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ನಾನು ಯೋಚಿಸಿ ಸಹಿ ಮಾಡುತ್ತೇನೆ ಎಂದೆ. ಸಾಹೇಬರು ಮಫ್ಲರಿನೊಳಗಿಂದಲೇ, ಯೋಚನೆ ಮಾಡುವುದು ನಿನ್ನ ಹುದ್ದೆಯಲ್ಲಿ ಬರುವುದಿಲ್ಲ ಎಂದರು. ಆದರೂ ಪಂಡಿತರು, ಇನ್ನೊಂದು ಊರಿನಲ್ಲಿ ಪ್ರಯೋಗವಾಗಲಿ, ಆಮೇಲೆ ಮಾಡಲಿ ಬಿಡಿ ಎಂದು ದೊಡ್ಡ ಮನಸ್ಸು ಮಾಡಿದರು.

ಅವತ್ತೇ ಮಧ್ಯಾಹ್ನ ನಾನೂ ಇಮಾಮಸಾಬನೂ ಬಿಟ್ಟುಬಂದ ಕೇಬಲ್ ತರುವ ನೆವದಿಂದ ಆ ಹಳ್ಳಿಗೆ ಹೋದೆವು. ದ್ಯಾಮವ್ವ ಕಟ್ಟೆಯ ಮೇಲೆ ಕುಳಿತು ಮೆಕ್ಕೆತೆನೆ ಬಿಡಿಸುತ್ತಿದ್ದಳು. ಹುಡುಗ ಯಾಕೆ ಕೆಟ್ಟವನಾದ ಎಂದು ಕೇಳಿದೆ. ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು, ಇಷ್ಟೂ ತಿಳಿಯದವನಿಗೆ ಸರಕಾರ ಸಂಬಳ ಕೊಡುತ್ತದೆಯೇ ಎಂಬಂತೆ.

“ಅಲ್ಲೋ ತಮ್ಮಾ, ಆ ಸಣ್ಣ ಕೂಸಿಗೆ ಎಡಗೈಲೆ ತುತ್ತ ತಿನಸ್ತಾನ. ಮನಿಯಾಗ ಹೇಳವ್ರ ಕೇಳವ್ರ ಇಲ್ಲೇನ ಅವ್ಗ? ಹಿರ್ಯಾರಿಗೆ ಕೈ ಎತ್ತೋದೂ ಎಡಗೈನ. ಆ ಸರದಾರನ್ನ ನೋಡು, ಪಾಪ, ಒಂದ ಕೈ ಹೋದ್ರೂ ಉಳದ ಬಲಗೈಲೆ ನೆಟ್ಟಗ ಉಣ್ತಾನ.”

ನನಗೆ ಒಮ್ಮೆಲೇ ಬಿನ್ನೆತ್ತೆಯ ‘ಕ’ ನೆನಪಾಯಿತು. ಪ್ರೊಜೆಕ್ಟರಿನ ಹತ್ತಿರ ನಿಂತು ನಾನು ನೋಡಿದ ಹುಡುಗ ಕೂಸಿಗೆ ಅನ್ನದ ಮುದ್ದೆ ತಿನ್ನಿಸುವುದು ಬಲಗೈಯಿಂದ. ನಾನು ನೋಡಿದ ಸರದಾರನ ಬಲಗೈ ಕಬ್ಬಿಣದ್ದು, ಅವನು ಉಣ್ಣುವುದು ಎಡಗೈಯಿಂದ. ಪರದೆಯ ಹಿಂದಿನಿಂದ ನೋಡಿದರೆ ಎಲ್ಲವೂ ತಿರುವುಮುರುವು. ಮಾತು ಕೇಳಿಸುತ್ತಿದ್ದಾಗ ಇದು ಯಾರಿಗೂ ಅಡ್ಡ ಬಂದಿರಲಿಲ್ಲ, ಮೈಕಿನಲ್ಲಿ ನಾನೇ ಇಂಥವನು ಒಳ್ಳೆಯವ ಎಂದು ಒದರುತ್ತಿದ್ದೆನಲ್ಲ. ಪಂಡಿತರು ಮಾತು ತೆಗೆಸಿದರು. ಉಳಿದದ್ದು ಕೈ ಒಂದೇ. ಮುಂದೆ ಕುಳಿತವರೂ ಹಿಂದೆ ಕುಳಿತವರೂ ಎಡಗೈಲೆ ಉಣ್ಣುವವನನ್ನೇ ಹಳಿದಿದ್ದರು. ಎರಡೂ ಕಡೆಯ ವಿವೇಚನೆ ಒಂದೇ. ಕುಳಿತ ಜಾಗ ಮಾತ್ರ ಬೇರೆ.

ತಿರುಗಿ ಬರುವಾಗ ಇಮಾಮಸಾಬನಿಗೆ ಹೇಳಿದೆ. ಅವನು ಗೇರು ಬದಲಿಸುತ್ತ, “ಪಂಡಿತರಿಗೆ ಹೇಳ್ತೀರಿ?” ಎಂದ. ಹೇಳಿದರೆ ನಂಬುವುದಿಲ್ಲ ಎಂದೆ.

“ಹಂಗಾರ ಹೇಳಬ್ಯಾಡ್ರಿ. ತೋರ್ಸೂಣು” ಎಂದ.

ಎರಡನೆಯ ಪ್ರಯೋಗ ಹಿರೇಕೆರೂರು ಕಡೆಯ ಒಂದು ದೊಡ್ಡ ಹಳ್ಳಿಯಲ್ಲಿ. ಅಲ್ಲಿಯೂ ಈ ಧಾರಾವಾಹಿಯನ್ನು ಯಾರೂ ನೋಡಿರಲಿಲ್ಲ. ಊರಿನ ಪಾಟೀಲರು ಹಿಂದಿನ ಕಾಲದ ಶ್ರೀಮಂತರು, ಪಂಡಿತರಿಗೂ ಸಾಹೇಬರಿಗೂ ತಮ್ಮ ಮನೆಯಲ್ಲೇ ಹೋಳಿಗೆ ಊಟ ಇಟ್ಟಿದ್ದರು. ಆ ಇಬ್ಬರೂ ಉಣ್ಣಲು ಹೋದಾಗ ನಾವು ಪರದೆ ಕಟ್ಟಿದೆವು. ಇಮಾಮಸಾಬ ವ್ಯಾನನ್ನು ಚಾವಡಿಯ ಕಡೆ ನಿಲ್ಲಿಸದೆ ಸುತ್ತುಹಾಕಿ ಕೇರಿಯ ಕಡೆ ತಂದು ನಿಲ್ಲಿಸಿದ. ಮಷೀನು ಕೇರಿಯ ಜನರ ನಡುವೆ ಬಂತು. ಕುರ್ಚಿಗಳು ಎಂದಿನಂತೆ ಕಟ್ಟೆಯ ಮೇಲೆ. ನಾವು ಅವನ್ನು ಮುಟ್ಟಲಿಲ್ಲ.

ಪಾಟೀಲರು ಎಲೆಅಡಿಕೆ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕುಳಿತು ಸುತ್ತ ನೋಡಿದರು.

“ಏನ್ರಿ ಮಾಸ್ತರ, ಮಷೀನ ಅತ್ಲಾಗ ಹಚ್ಚೀರಿ?”

“ಗಾಳಿ ಐತ್ರಿ. ಈ ಕಡಿಂದ ಬಿಟ್ರ ಪರದೆ ಉಬ್ಬತೈತಿ” ಎಂದೆ.

“ಚಿತ್ರ ಕಾಣ್ತೈತೋ ಇಲ್ಲೋ?”

“ಚೊಲೋ ಕಾಣ್ತೈತ್ರಿ.”

“ಮತ್ತೇನ, ಹಚ್ರಿ” ಎಂದರು. ಗಾಳಿ ಎಲೆಯನ್ನೂ ಅಲುಗಿಸುತ್ತಿರಲಿಲ್ಲ.

ಸಾಹೇಬರು ಊಟದ ಭಾರಕ್ಕೆ ವ್ಯಾನಿನ ಸೀಟಿನಲ್ಲಿ ನಿದ್ದೆ ಹೋದರು. ಪಂಡಿತರು ಬರುವಷ್ಟರಲ್ಲಿ ಕಟ್ಟೆಯ ಕಡೆ ತಿರುವುಮುರುವಾಗಿ ಮೂಡಿದ್ದ ಇಂಗ್ಲಿಷ್ ಅಕ್ಷರಗಳು ಹೋಗಿ ಕಥೆ ಶುರುವಾಗಿತ್ತು. ಕಟ್ಟೆಯ ಮೇಲೆ ಪಾಟೀಲರ ಪಕ್ಕ ನಿಂತು ಚಿತ್ರದ ಕಡೆ ನೋಡದೆ ಜನರ ಮುಖ ನೋಡತೊಡಗಿದರು. ಸಂಶೋಧಕರು ಹಾಗೆಯೇ ಮಾಡಬೇಕಂತೆ. ಹುಡುಗ ಕೂಸಿಗೆ ತುತ್ತು ಕೊಟ್ಟ ದೃಶ್ಯಕ್ಕೆ ಕಟ್ಟೆಯ ಮೇಲೆ ಗೊಣಗಾಟ ಎದ್ದಿತು. ಸರದಾರ ಸೈನಿಕರ ನಡುವೆ ಉಣ್ಣಲು ಕುಳಿತಾಗ ಪಾಟೀಲರು ತಲೆದೂಗಿದರು. ನಾನು ಮಷೀನು ಇಮಾಮಸಾಬನ ಕೈಗೆ ಕೊಟ್ಟು ಈ ಮಾತು ಕೇಳಲೆಂದೇ ಕಟ್ಟೆಯ ಕೆಳಗೆ ಬಂದು ನಿಂತಿದ್ದೆ.

“ಖಾನದಾನಿ ಮನುಷ್ಯ ನೋಡ್ರಿ ಇಂವ” ಎಂದು ಪಾಟೀಲರು ಪಂಡಿತರಿಗೆ ಸರದಾರನನ್ನು ತೋರಿಸಿದರು. “ರೀತಿ ರಿವಾಜು ಬಲ್ಲಾಂವ. ಆ ಕೋಡಿನ ರಾಕ್ಷಸನ ಹೊಟ್ಟ್ಯಾಗ ಕುಂತಾನಲ್ಲ, ಅದು ಹಲ್ಕಾ ಹುಡುಗ.”

ರಟ್ಟಿನ ಮುಖಗಳು ಹೊರಗೆ ಬಂದವು. ಪಾಟೀಲರಿಂದ ಹಿಡಿದು ಪಂಚರತನಕ ಎಲ್ಲರ ನಗುಮುಖವೂ ಸರದಾರನಿಗೇ. ಪಂಡಿತರ ಲೇಖನಿ ನಿಂತಿತು. ಅವರು ಓಡುತ್ತ ಕೇರಿಯ ಕಡೆ ಹೋಗಿ ಕೇಳಿದರೆ ಅಲ್ಲಿ ಹುಡುಗನಿಗೆ ಜಯಜಯ. ಬೆವರು ಒರೆಸಿಕೊಂಡು ನನ್ನನ್ನು ಕೇಳಿದರು, ಇದೇನು ಇಲ್ಲಿ ಉಲ್ಟಾ ಆಗಿದೆ?

ನಾನು ಇಮಾಮಸಾಬನಿಗೆ ಆ ತುತ್ತಿನ ದೃಶ್ಯವಿದ್ದ ರೀಲು ಮತ್ತೆ ಹಚ್ಚಲು ಹೇಳಿದೆ. ಪಂಡಿತರ ರಟ್ಟೆ ಹಿಡಿದು ಕಟ್ಟೆಯ ಕಡೆ ನಿಲ್ಲಿಸಿದೆ. ಹುಡುಗ ಎಡಗೈಯಿಂದ ತಿನ್ನಿಸಿದ. ಪರದೆ ಕಟ್ಟಿದ ಬಿದಿರಿನ ಗಳ ಸುತ್ತಿಸಿ ಅವರನ್ನು ಆ ಕಡೆ ಕರೆದೊಯ್ದೆ. ಹುಡುಗ ಬಲಗೈಯಿಂದ ತಿನ್ನಿಸಿದ. ಪಂಡಿತರು ತಾವಾಗಿಯೇ ಇನ್ನೊಮ್ಮೆ ಗಳ ಸುತ್ತಿ ಈಚೆ ಬಂದರು. ಆಮೇಲೆ ಕನ್ನಡಕ ತೆಗೆದು ಜುಬ್ಬದಿಂದ ಒರೆಸಿದರು, ದೋಷ ಗಾಜಿನಲ್ಲಿದೆಯೇನೋ ಎಂಬಂತೆ.

“ಈಗ ಪಾಟೀಲರ ಬಗ್ಗೆನೂ ಹಂಗ ಬರೀತೀರೇನ್ರಿ?” ಎಂದು ಕೇಳಿದೆ. “ದುಷ್ಟಶಕ್ತಿಯ ಕಡೆ ಸಹಜವಾಗಿ ಒಲೀತಾರ ಅಂತ?”

ಪಂಡಿತರು ಕನ್ನಡಕ ಮತ್ತೆ ಏರಿಸಿಕೊಂಡರು. ಪಾಟೀಲರ ಮನೆಯ ಹೋಳಿಗೆಯ ತುಪ್ಪ ಇನ್ನೂ ಅವರ ಕೈಯಲ್ಲಿ ಘಮಘಮಿಸುತ್ತಿತ್ತು. ಕೇರಿಯವರನ್ನು ಕುರಿತ ಆ ಭಾಗ ವರದಿಯಿಂದ ಬಿದ್ದುಹೋಯಿತು. ನ್ಯಾಯಕ್ಕೆ ಅಂಜಿ ಅಲ್ಲ, ಅದನ್ನು ಉಳಿಸಿಕೊಂಡರೆ ಪಾಟೀಲರನ್ನೂ ಸೇರಿಸಬೇಕಾಗಿತ್ತು. ಅದರ ಬದಲು ‘ಪರದೆಯ ತಾಂತ್ರಿಕ ದೋಷ’ ಎಂದು ಬರೆದರು. ನನ್ನ ಸಹಿ ಯಾರೂ ಕೇಳಲಿಲ್ಲ.

ಇಲ್ಲಿಗೆ ನಾನು ಗೆದ್ದೆನೆಂದುಕೊಂಡೆ. ಸರಕಾರದ ಕೆಲಸಕ್ಕೆ ಸೇರುವ ಹುಡುಗರೇ, ಗೆದ್ದೆ ಎನ್ನಿಸಿದ ದಿನ ಸ್ವಲ್ಪ ತಾಳಿರಿ, ಮುಂದಿನ ಟಪಾಲು ಬರಲಿ. ನನಗೆ ಬಂದ ಟಪಾಲಿನೊಂದಿಗೆ ಒಂದು ಮೂಟೆ ಇತ್ತು. ಮೂಟೆಯಲ್ಲಿ ಹೊಸ ಪರದೆ, ಮುಂದೆ ಬಿಳಿ, ಹಿಂದೆ ದಪ್ಪನೆಯ ಕರಿ ಬಟ್ಟೆ. ಪಂಡಿತರ ಶಿಫಾರಸು. ಇನ್ನು ಮೇಲೆ ಚಿತ್ರ ಹಿಂದೆ ಮೂಡುವಂತಿಲ್ಲ, ಆದ್ದರಿಂದ ಯಾರೂ ತಪ್ಪಾಗಿ ನೋಡುವಂತಿಲ್ಲ. ಹಿಂದೆ ಕುಳಿತವರು ಎಲ್ಲಿಗೆ ಹೋಗಬೇಕು ಎಂಬುದನ್ನು ಆ ಸುತ್ತೋಲೆ ಹೇಳಿರಲಿಲ್ಲ. ಸಾಹೇಬರು ಬಟ್ಟೆಯನ್ನು ಮುಟ್ಟಿ ನೋಡಿ, “ಒಳ್ಳೆ ಬಟ್ಟೆ” ಎಂದರು.

ಆ ಪರದೆಯ ಮೊದಲ ಆಟ ಬಂದದ್ದು ದ್ಯಾಮವ್ವನ ಊರಿಗೇ. ಈ ಸಲ ಪಂಡಿತರಿಲ್ಲ, ರಟ್ಟಿನ ಮುಖಗಳಿಲ್ಲ, ಧಾರಾವಾಹಿಯ ಮುಂದಿನ ಕಂತು. ಊರಿನವರು ಹೊತ್ತು ಮುಳುಗುವ ಮುಂಚೆಯೇ ಬಂದು ಜಾಗ ಹಿಡಿದಿದ್ದರು. ಗೌಡರಿಗೆ ಹುಡುಗನ ಹುಚ್ಚು ಎಷ್ಟೆಂದರೆ, ಅವನ ಉಕ್ಕಿನಪ್ಪನ ಕೈ ಮುರಿದಲ್ಲಿಗೆ ಹಿಂದಿನ ಕಂತು ಮುಗಿದಿತ್ತಲ್ಲ, ಆ ಕೈ ಸರಿಹೋಗುತ್ತದೋ ಇಲ್ಲವೋ ಎಂದು ಬೆಳಿಗ್ಗೆಯೇ ಆಳಿನ ಕಡೆಯಿಂದ ಹೇಳಿ ಕಳಿಸಿ ಕೇಳಿದ್ದರು.

ಕೇರಿಯ ಜನ ಎಂದಿನಂತೆ ಇಳುಕಲಿನಲ್ಲಿ ಬಂದು ಕುಳಿತರು. ನಾನು ಮಷೀನು ಹಚ್ಚಿದೆ. ಮುಂದೆ ಚಿತ್ರ ಬಂತು, ಆಚೆ ಕತ್ತಲೆ. ಸ್ವಲ್ಪ ಹೊತ್ತಿನಲ್ಲಿ ಪರದೆಯ ಅಂಚಿನಿಂದ ತಲೆಗಳು ಇಣುಕಿದವು. ಊರಿನವರು ಹಿಂದಕ್ಕೆ ಸರಿಯಿರೆಂದು ಗದರಿಸಿದರು. ಹಿಂದೆ ಏನೂ ಕಾಣುವುದಿಲ್ಲವೆಂದು ಅವರೆಂದರು. ಹಾಗಾದರೆ ಮನೆಗೆ ಹೋಗಿರಿ ಎಂದು ಯಾರೋ ಕೂಗಿದರು.

ನಾನು ಮಷೀನು ಬಂದ್ ಮಾಡಿದೆ. ಮೈಕು ಹಿಡಿದೆ. ಈ ಪರದೆಗೆ ಒಂದೇ ಮಗ್ಗುಲಿದೆ, ಇದು ಸರಕಾರದ ಹುಕುಂ, ನಾನು ಮಾಡಿದ್ದಲ್ಲ. ಎಲ್ಲರೂ ಈ ಕಡೆ ಕುಳಿತರೆ ಚಿತ್ರ, ಇಲ್ಲದಿದ್ದರೆ ಬರೇ ಕುಟುಂಬ ಯೋಜನೆ ತೋರಿಸಿ ಹೋಗುತ್ತೇನೆ ಎಂದೆ. ಇಮಾಮಸಾಬ ಆ ಡಬ್ಬಿಯನ್ನು ಕೈಯಲ್ಲೆತ್ತಿ ಎಲ್ಲರಿಗೂ ಕಾಣುವಂತೆ ಹಿಡಿದು ನಿಂತ.

ಎಲ್ಲರೂ ಕಟ್ಟೆಯ ಕಡೆ ನೋಡಿದರು. ಗೌಡರು ಒಮ್ಮೆ ಕೆಮ್ಮಿದರು, ಒಮ್ಮೆ ಆಕಾಶ ನೋಡಿದರು, ಒಮ್ಮೆ ಇಮಾಮಸಾಬನ ಕೈಯಲ್ಲಿದ್ದ ಡಬ್ಬಿ ನೋಡಿದರು.

“ಇಲ್ಲೇ ಆ ಬದಿಗೆ ಕುಂತ್ಕೊಳ್ಳಾಕ ಹೇಳ್ರಿ ಅವ್ರಿಗೆ. ಲಗೂನ ಚಾಲೂ ಮಾಡ್ರಿ, ಆ ಕೈ ಏನಾತೋ ಏನೋ” ಎಂದರು.

ಇದನ್ನು ಮನಪರಿವರ್ತನೆ ಎಂದು ಯಾರೂ ತಿಳಿಯಬೇಡಿ. ಗೌಡರು ಮರುದಿನವೂ ಅದೇ ಗೌಡರು. ಕೇರಿಯ ಜನ ಬಂದು ಕುಳಿತಾಗ ನಡುವೆ ಒಂದು ಬಂಡಿ ಹೋಗುವಷ್ಟು ಜಾಗ ಬಿಟ್ಟೇ ಕುಳಿತರು, ಊರಿನವರು ಅದನ್ನು ಅಳೆದಂತೆ ನೋಡಿಕೊಂಡರು. ಒಂದು ಕಬ್ಬಿಣದ ಕೈಯ ಚಿಂತೆಗೆ ಒಂದು ಸಂಜೆಯ ಮಟ್ಟಿಗೆ ಆದದ್ದು ಅಷ್ಟೇ. ನಾನು ಅಷ್ಟನ್ನೇ ತೆಗೆದುಕೊಂಡೆ. ಕೆಲವು ವರ್ಷಗಳ ನಂತರ ಪ್ರೊಜೆಕ್ಟರು ಮೂಲೆ ಸೇರಿ ಪಂಚಾಯತಿಗೆ ಟಿವಿ ಬಂತು. ಅದಕ್ಕೆ ಹಿಂಭಾಗದ ರಗಳೆಯಿಲ್ಲ. ಆದರೆ ಅದು ಇರುವ ಕೋಣೆಗೆ ಬಾಗಿಲಿರುತ್ತದೆ, ಬಾಗಿಲಿಗೆ ಕೀಲಿ ಇರುತ್ತದೆ, ಕೀಲಿ ಯಾರ ಉಡುದಾರದಲ್ಲಿರುತ್ತದೆಂದು ನೀವೇ ಹೋಗಿ ನೋಡಿರಿ.

ಅವತ್ತಿನ ಮಾತಿಗೆ ಬರುತ್ತೇನೆ. ದ್ಯಾಮವ್ವ ಮಷೀನಿನ ಹತ್ತಿರವೇ ಬಂದು ಕುಳಿತಿದ್ದಳು. ಎಪ್ಪತ್ತರ ಸುಮಾರಿನ ಹೆಂಗಸು, ಚಿತ್ರವನ್ನು ಮುಂದಿನಿಂದ ನೋಡುತ್ತಿದ್ದುದು ಅದೇ ಮೊದಲು. ಸರದಾರ ಉಣ್ಣುವ ದೃಶ್ಯ ಈ ಕಂತಿನಲ್ಲೂ ಇತ್ತು. ನಾನು ಚಿತ್ರ ಬಿಟ್ಟು ಆಕೆಯನ್ನೇ ನೋಡತೊಡಗಿದೆ, ಪಂಡಿತರ ಹಾಗೆ. ಈಗ ಆಕೆಗೆ ಗೊತ್ತಾಗುತ್ತದೆ, ಈಗ ಪಕ್ಷ ಬದಲಿಸುತ್ತಾಳೆ, ನನ್ನ ಲೆಕ್ಕಾಚಾರ ಪೂರ್ತಿ ನಿಜವಾಗುತ್ತದೆ ಎಂದು ಕಾಯ್ದೆ.

ಸರದಾರ ಎಡಗೈಯಲ್ಲಿ ಸೌಟು ಹಿಡಿದು ತನ್ನ ಸೈನಿಕರಿಗೆಲ್ಲ ಗಂಜಿ ಬಡಿಸಿದ. ತಳದಲ್ಲಿ ಉಳಿದದ್ದನ್ನು ತಾನು ಹಾಕಿಕೊಂಡು ಅದೇ ಕೈಯಿಂದ ಉಂಡ.

“ಅಯ್ಯ, ಇಂವ ಎಡಚ ಅದಾನಲ್ಲ” ಎಂದಳು ದ್ಯಾಮವ್ವ.

“ಹೌದಬೇ. ಅವತ್ತ ನಿನಗ ತಿರುವಿ ಕಂಡಿತ್ತ. ಬಲಗೈಲೆ ತಿನಸಾಂವ ಹುಡುಗ” ಎಂದೆ. “ಈಗ ಹೇಳು, ಯಾರ ಚೊಲೋ?”

ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಸರದಾರನ ಚೊಲೋ. ಕೈ ಹ್ವಾದಾಂವ ಇನ್ಯಾವ ಕೈಲೆ ಉಂಡಾನೋ? ಮಂದಿಗೆ ನೀಡಿ ಕಡೀಕ ಉಂಡನಲ್ಲ, ಅದನ್ನ ನೋಡಲಿಲ್ಲೇನ ನೀನು?” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಅತ್ತ ಸರಿ, ನಿನ್ನ ತಲಿ ಅಡ್ಡ ಬರಾಕತ್ತೈತಿ” ಎಂದಳು.

ನಾನು ಸರಿದೆ.